ಕೊಕ್ಕಿನ ತುದಿಯ ಮೀನು

ವಿಚಿಯನ್‌ನ ಕೈ ನಡುಗುತ್ತಿರುವುದು ಬುಪ್ಪಾಳ ಕಣ್ಣಿಗೆ ಮೊದಲು ಬಿದ್ದದ್ದು ನೂಡಲ್ ಅಂಗಡಿಯಲ್ಲಿ. ಬಟ್ಟಲಿನಿಂದ ಹೊರಟ ಚಮಚ ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಸಾರು ಅಂಗಿಯ ಪಾಲಾಗಿತ್ತು. ಅವನು ಆಚೀಚೆ ನೋಡಿ, ಚಮಚ ಬದಿಗಿಟ್ಟು, ಬಟ್ಟಲನ್ನೇ ಎರಡು ಕೈಯಲ್ಲೂ ಎತ್ತಿ ಕುಡಿಯತೊಡಗಿದ.

"ಏನು, ಚಮಚದ ಜೊತೆ ಮಾತು ಬಿಟ್ಟಿದ್ದೀಯಾ?" ಎಂದಳು ಬುಪ್ಪಾ.

"ಹೀಗೆ ಕುಡಿದ್ರೇನೇ ರುಚಿ. ನಿಂಗೇನು ಗೊತ್ತು."

ಅಂಗಡಿಯವಳು ನಕ್ಕಳು. ಬುಪ್ಪಾ ನಗಲಿಲ್ಲ. ಮದುವೆಯಾಗಿ ಇಷ್ಟು ಕಾಲ ಒಂದೇ ಮೇಜಿನಲ್ಲಿ ಉಂಡಿದ್ದರೂ ಗಂಡ ಸಾರನ್ನು ಹಾಗೆ ಕುಡಿದದ್ದನ್ನು ಅವಳು ಕಂಡಿರಲಿಲ್ಲ.

ಅವನ ಕೈಯೆಂದರೆ ಫೆಚ್ಚಬುರಿ ಪೇಟೆಗೆಲ್ಲ ಗೊತ್ತಿದ್ದ ಕೈ. ಹೊಳೆಯ ಸೇತುವೆಯ ಪಕ್ಕದಲ್ಲಿ ಅವನ ಸ್ಟುಡಿಯೋ ಇತ್ತು. ಊರಿನ ಮದುವೆಗಳ, ತಲೆ ಬೋಳಿಸಿಕೊಂಡು ಭಿಕ್ಷುಗಳಾದ ಹುಡುಗರ, ಕೊನೆಗೆ ಶವಪೆಟ್ಟಿಗೆಯ ಮುಂದೆ ಇಡುವ ಮುಖಗಳ ಚಿತ್ರವನ್ನೂ ತೆಗೆಯುತ್ತಿದ್ದವನು ಅವನೇ. ಜನರ ಕಿಸೆಯೊಳಗೇ ಕ್ಯಾಮೆರಾ ಬಂದು ಕೂತ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಆ ಜಾಗದಲ್ಲಿ ಮಗಳು ಅಂಚನ್ ತಾಯಿಯ ತಾಳೆಬೆಲ್ಲದ ತಿಂಡಿಗಳ ಅಂಗಡಿಯನ್ನು ದೊಡ್ಡದು ಮಾಡಿದಳು. ಮೂಲೆಯಲ್ಲಿ ಕೂತು ನೊಣ ಹೊಡೆಯುವ ಜಾಯಮಾನ ವಿಚಿಯನ್‌ನದಲ್ಲ. ಮೊಳದುದ್ದದ ಲೆನ್ಸೊಂದನ್ನು ಕೊಂಡುಕೊಂಡು ಬಾನ್ ಲೇಮ್ ಕಡೆಯ ಉಪ್ಪಿನ ಗದ್ದೆಗಳಲ್ಲಿ ಹಕ್ಕಿಗಳ ಹಿಂದೆ ಬಿದ್ದ.

"ಜನ್ಮವಿಡೀ 'ನಗಿ, ಸ್ವಲ್ಪ ನಗಿ' ಅಂತ ಗಂಟಲು ಹರ್ಕೊಂಡೆ. ಇವು ನಗೋದೂ ಇಲ್ಲ, ಮೂಗು ದಪ್ಪ ಬಂತು ಅಂತ ಜಗಳಕ್ಕೆ ಬರೋದೂ ಇಲ್ಲ," ಎನ್ನುತ್ತಿದ್ದ.

ಮಳೆ ಹಿಂದೆ ಸರಿದದ್ದೇ ತಡ, ಉತ್ತರದ ಹಿಮದ ನಾಡಿನಿಂದ ಹಕ್ಕಿಗಳು ಬಂದಿಳಿಯುತ್ತವೆ. ಕೆಸರು ಒಂದೇ, ಕೊಕ್ಕು ನೂರು ಬಗೆ. ಸೂಜಿಯಂಥದು, ಕುಡುಗೋಲಿನಂಥದು, ಮೇಲಕ್ಕೆ ತಿರುಚಿದ್ದು, ತುದಿಯಲ್ಲಿ ಚಮಚ ಅಂಟಿಸಿಕೊಂಡದ್ದು. ಒಂದು ಹಕ್ಕಿ ನೆಲ ಹೊಲಿಯುವಂತೆ ಚುಚ್ಚುತ್ತ ಹೋದರೆ, ಇನ್ನೊಂದು ನೀರನ್ನು ಅಕ್ಕಪಕ್ಕಕ್ಕೆ ಗುಡಿಸುತ್ತ ನಡೆಯುತ್ತದೆ. ವಿಚಿಯನ್‌ಗೆ ಬೇಕಾದದ್ದು ಇವೆಲ್ಲದರ ಕೊನೆಯ ಕ್ಷಣ, ಬೇಟೆ ಕೊಕ್ಕಿನಲ್ಲಿರುವ ಕ್ಷಣ. ಮನೆಯ ಗೋಡೆಯ ತುಂಬ ಅಂಥವೇ. ಏಡಿ ಹಿಡಿದ ಗೊರವ, ಹುಳು ಎಳೆಯುತ್ತಿರುವ ಉಲ್ಲಂಕಿ, ಹಾವುಮೀನಿನ ಜೊತೆ ಕುಸ್ತಿಗೆ ಬಿದ್ದ ಕೊಕ್ಕರೆ.

ದಕ್ಕದೆ ಉಳಿದದ್ದು ಒಂದು, ಚೀನಾ ಬೆಳ್ಳಕ್ಕಿ. ಕಡಲಿನೊಳಕ್ಕೆ ಚಾಚಿಕೊಂಡ ಮರಳ ದಿಣ್ಣೆಯ ಮೇಲೆ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು. ನಮ್ಮ ಕೆರೆಯಂಚಿನ ಬೆಳ್ಳಕ್ಕಿಯ ಹಾಗೆ ಇದಕ್ಕೆ ಬಕಧ್ಯಾನ ತಿಳಿಯದು. ರೆಕ್ಕೆ ಅಗಲಿಸಿ, ಕುಡುಕನಂತೆ ಓಡಿ, ಗಕ್ಕನೆ ತಿರುಗಿ, ಮೀನಿನ ಬೆನ್ನು ಹತ್ತುತ್ತದೆ. ಬೇಸಿಗೆಯ ಮೊದಲಿಗೆ ಕೊಕ್ಕು ಹಳದಿಯಾಗಿ, ತಲೆಯ ಹಿಂದೆ ಜುಟ್ಟು ಕೆದರಿಕೊಂಡು, ಗಂಟುಮೂಟೆ ಕಟ್ಟುವ ಮುಂಚಿನ ಕೆಲವು ದಿನ ಅದರ ಚೆಲುವೇ ಚೆಲುವು. ಪ್ರತಿ ವರ್ಷವೂ ವಿಚಿಯನ್ ಹೋಗುತ್ತಿದ್ದ, ಪ್ರತಿ ವರ್ಷವೂ ಬೇಟೆ ಒಂದು ಕಡೆ, ಲೆನ್ಸು ಒಂದು ಕಡೆ.

ನೂಡಲ್ ಅಂಗಡಿಯ ದಿನದಿಂದ ಬುಪ್ಪಾ ಗಂಡನ ಮೇಲೆ ಒಂದು ಕಣ್ಣಿಟ್ಟಳು. ಗದ್ದೆಯಿಂದ ಬಂದವನು ಚಿತ್ರ ತೋರಿಸುತ್ತಿರಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಅವಳೇ ಕ್ಯಾಮೆರಾ ತೆರೆದು ನೋಡಿದಳು. ಬರೀ ನೀರು. ಹಕ್ಕಿಯ ಬಾಲ. ಕೊಕ್ಕು ಚೌಕಟ್ಟಿನಿಂದ ಆಚೆ. ಕೆಸರು ಸ್ಪಷ್ಟವಾಗಿ, ಹಕ್ಕಿ ಮಸುಕಾಗಿ.

ವೈದ್ಯರು ಅವನನ್ನು ನಡೆಸಿ, ಬೆರಳು ತಟ್ಟಿಸಿ, ಗೆರೆ ಎಳೆಸಿ ನೋಡಿದರು. ಔಷಧಿಯಿಂದ ಈ ರೋಗ ನಿಧಾನವಾಗುತ್ತದೆ, ನಿಲ್ಲುವುದಿಲ್ಲ ಎಂದರು. ಹಿಂದಿರುಗುವಾಗ ಪಿಕಪ್ ಓಡಿಸಿದ್ದು ಬುಪ್ಪಾ.

"ಪ್ರಸೋಂಗ್‌ಗೆ ಹೇಳ್ಬೇಡ," ಎಂದ ವಿಚಿಯನ್. ಪ್ರಸೋಂಗ್ ಅವನ ಹಕ್ಕಿ ಗೆಳೆಯರ ಗುಂಪಿನ ಹಿರಿಯ, ಪೊಲೀಸ್ ಕೆಲಸದಿಂದ ನಿವೃತ್ತನಾದವನು. "ಗುಂಪಿನಲ್ಲಿ ಯಾರಿಗೂ ಹೇಳ್ಬೇಡ. ಅಯ್ಯೋ ಪಾಪ ಅನ್ನಿಸ್ಕೊಳ್ಳೋಕಿಂತ ಬೈಸ್ಕೊಳ್ಳೋದು ಮೇಲು."

"ಎಷ್ಟು ದಿನ ಅಂತ ಬಚ್ಚಿಡ್ತೀಯಾ? ಕೈಯೇನು ಕಿಸೇಲಿಟ್ಕೊಂಡು ಓಡಾಡೋ ವಸ್ತುನಾ?"

ಅವನು ಕೈಯನ್ನು ಕಿಸೆಯಲ್ಲಿಟ್ಟುಕೊಂಡೇ ಕೂತಿದ್ದ.

ಕೆಲವು ದಿನ ಮನೆಯಲ್ಲೇ ಉಳಿದ. ಬೆಳಗಾಗುವ ಮುಂಚೆ ಎದ್ದು, ಬಟ್ಟೆ ಹಾಕಿಕೊಂಡು, ಹೊಳೆ ನೋಡುತ್ತ ಕೂರುತ್ತಿದ್ದ. ಅದನ್ನು ನೋಡಲಾರದೆ ಬುಪ್ಪಾ ಒಂದು ಮುಂಜಾನೆ ಕ್ಯಾಮೆರಾ ಚೀಲವನ್ನು ತಾನೇ ಹೆಗಲಿಗೇರಿಸಿದಳು.

"ನಡಿ. ನೀನು ಹೇಳು, ನಾನು ಒತ್ತುತೀನಿ. ಗುಂಡಿ ಒತ್ತೋಕೇನು ಬ್ರಹ್ಮವಿದ್ಯೆ ಬೇಕಾ?"

ಬ್ರಹ್ಮವಿದ್ಯೆಯೇ ಬೇಕಾಗಿತ್ತು. ಉಪ್ಪಿನ ರಾಶಿಗಳ ಮಗ್ಗುಲಲ್ಲಿ, ಬದುವಿನ ಮೇಲೆ ಕ್ಯಾಮೆರಾದ ಮುಕ್ಕಾಲಿ ನೆಟ್ಟು, ಅವಳು ಕಣ್ಣು ಕಿರಿದು ಮಾಡಿ ಕೂತಳು. ಲೆನ್ಸಿನೊಳಗೆ ಮೊದಲು ಹಕ್ಕಿಯೇ ಸಿಗಲಿಲ್ಲ. ಸಿಕ್ಕಾಗ ಅದು ಬೆನ್ನು ಹಾಕಿತ್ತು.

"ಈಗ!" ಎಂದ ವಿಚಿಯನ್.

ಒತ್ತಿದಳು.

"ತಡವಾಯ್ತು. ಈಗ! ಅಯ್ಯೋ, ಈಗ ಅಂದ್ನಲ್ಲೇ!"

"ನೀನು 'ಈಗ' ಅಂತ ಬಾಯಿ ತೆರೆಯೋಷ್ಟರಲ್ಲಿ ಆ ಹುಳ ಅದರ ಹೊಟ್ಟೇಲಿ ಸಂಸಾರ ಹೂಡಿರುತ್ತೆ, ಮಾರಾಯಾ."

"ಮದುವೆ ಮನೇಲಿ ಮಾಲೆ ಹಾಕೋದನ್ನ ತೆಗೀತಿದ್ನಲ್ಲ, ಒಂದಾದ್ರೂ ತಪ್ಪಿತ್ತಾ?"

"ಮದುಮಗಳು ನಿನ್ನ ನೋಡಿ ಓಡಿಹೋಗ್ತಿರಲಿಲ್ಲ. ಅದಕ್ಕೇ."

ಉಪ್ಪು ಗೋರುತ್ತಿದ್ದ ಹೆಂಗಸರು ಹಾರೆಗೆ ಗಲ್ಲ ಊರಿ ನಿಂತು ಈ ನಾಟಕ ನೋಡಿ ನಗುತ್ತಿದ್ದರು.

ಆದರೂ ಹೋದರು, ಮತ್ತೆ ಮತ್ತೆ ಹೋದರು. ಚಳಿಗಾಲ ಕಳೆಯುತ್ತ ಬಂದಂತೆ ಬುಪ್ಪಾ ಒಂದನ್ನು ಕಂಡುಕೊಂಡಳು. ಗಂಡನ 'ಈಗ'ಕ್ಕೆ ಕಾದರೆ ಕೆಲಸ ಕೆಟ್ಟಿತು. ಹಕ್ಕಿ ಕುಕ್ಕುವ ಮುಂಚೆ ಅದರ ಮೈಯಲ್ಲಿ ಏನೋ ಬದಲಾಗುತ್ತದೆ. ಗೊರವವಾದರೆ ಹೆಜ್ಜೆ ಸಣ್ಣದಾಗುತ್ತದೆ. ಮೆಟ್ಟುಗಾಲು ಹಕ್ಕಿಯಾದರೆ ಕತ್ತು ಒಂದು ಕಡೆ ವಾಲುತ್ತದೆ. ಅದನ್ನು ಕಂಡೊಡನೆ ಅವಳ ಬೆರಳು ತಾನೇ ಒತ್ತಿಬಿಡುತ್ತಿತ್ತು. ವಿಚಿಯನ್ ಪಕ್ಕದಲ್ಲಿ ಕೂತು 'ಈಗ' ಎನ್ನುವುದನ್ನು ಬಿಡಲಿಲ್ಲ. ಅದು ಒತ್ತಿದ ಮೇಲೆ ಬರುತ್ತಿತ್ತು. ಚಿತ್ರ ನೋಡಿ, "ನೋಡಿದ್ಯಾ, ಸರಿಯಾಗಿ ಹೇಳಿದೆ," ಎನ್ನುತ್ತಿದ್ದ. ಇರಲಿ ಬಿಡು ಎಂದು ಅವಳು ಸುಮ್ಮನಿರುತ್ತಿದ್ದಳು.

ಏಪ್ರಿಲಿನ ಹೊಸ ವರ್ಷದ ನೀರಾಟ ಇನ್ನೇನು ಬಂತು ಎನ್ನುವಾಗ ದೋಣಿಯವನು ತೊಂಗ್‌ಬೈ ಫೋನು ಮಾಡಿದ. "ಚಿಯನ್ ಮಾವ, ನಿಮ್ಮ ಕುಡುಕ ಬಂದಿದೆ. ಜುಟ್ಟು ಬಿಟ್ಕೊಂಡು ಕುಣೀತಿದೆ. ನಾಳೆ ಇಳಿತ ಬೆಳಗ್ಗೇನೇ ಇದೆ, ಬರೋದಾದ್ರೆ ಬನ್ನಿ."

ಉಪ್ಪುನೀರಿನ ಕಾಂಡ್ಲ ಕಾಡಿನ ನಡುವಿನ ಕಾಲುವೆಯಿಂದ ದೋಣಿ ಹೊರಬಂದಾಗ ಕಡಲು ಹಾಲಿನ ಕೆನೆಯಂತೆ ಅಲುಗಾಡದೆ ಬಿದ್ದಿತ್ತು. ಮರಳ ದಿಣ್ಣೆಯ ಮೇಲೆ ಇಬ್ಬರೂ ಬೋರಲಾಗಿ ಮಲಗಿದರು. ಬೆಳ್ಳಕ್ಕಿ ಆಳವಿಲ್ಲದ ನೀರಿನಲ್ಲಿ ಓಡುತ್ತಿತ್ತು. ಓಡಿತು, ಕುಕ್ಕಿತು, ಏನೂ ಇಲ್ಲ. ರೆಕ್ಕೆ ಕೊಡೆಯಂತೆ ಬಿಚ್ಚಿತು, ತಿರುಗಿತು, ಕುಕ್ಕಿತು, ಏನೂ ಇಲ್ಲ. ಬಿಸಿಲೇರಿತು. ವಿಚಿಯನ್ ಹಳೆಯ ಮಾತುಗಳನ್ನೇ ಪಿಸುಗುಡುತ್ತಿದ್ದ: "ಕಣ್ಣಿನ ಮೇಲೆ ಗುರಿ ಇಡು. ಬಿಸಿಲಿಗೆ ಬಿಳಿ ಗರಿ ಸುಟ್ಟುಹೋಗುತ್ತೆ, ಬೆಳಕು ಸ್ವಲ್ಪ ತಗ್ಗಿಸ್ಕೊ. ಇಲ್ಲಿಗೇ ಬರುತ್ತೆ, ನೀರು ಈ ಕಡೆ ಇಳೀತಿದೆ." ಅವನ ಲೆಕ್ಕ ತಪ್ಪಲಿಲ್ಲ. ಹಕ್ಕಿ ಅವರ ಕಡೆಗೇ ಓಡಿ ಬಂತು. ಬುಪ್ಪಾಳ ಕಣ್ಣಿಗೆ ಲೋಕವೆಂದರೆ ಆ ಹಳದಿ ಕೊಕ್ಕು, ಅದರ ಸುತ್ತ ಚಿಮ್ಮುವ ನೀರು, ಅಷ್ಟೇ. ಹಕ್ಕಿಯ ಭುಜ ತಗ್ಗಿತು. ಅವಳು ಒತ್ತಿದಳು.

"ಈಗ!" ಎಂದ ವಿಚಿಯನ್, ಒತ್ತಿದ ಮೇಲೆ.

ಚಿತ್ರದಲ್ಲಿ ರೆಕ್ಕೆಗಳೆರಡೂ ಅರ್ಧ ತೆರೆದಿದ್ದವು, ಜುಟ್ಟು ಗಾಳಿಗೆ ಚೆಲ್ಲಿತ್ತು, ಒಂದು ಕಾಲು ನೀರಿನಿಂದ ಮೇಲೆ. ಕೊಕ್ಕಿನ ತುದಿಯಲ್ಲಿ ಬೆಳ್ಳಿಯ ಬಾಗಿದ ಮೀನು, ಅದರ ಬಾಲದಿಂದ ಹನಿಗಳ ಸಾಲು. ವಿಚಿಯನ್ ಪರದೆಯನ್ನು ಅಂಗೈಯಿಂದ ಮರೆಮಾಡಿಕೊಂಡು ತುಂಬ ಹೊತ್ತು ನೋಡಿದ. ಅವನ ಕಣ್ಣು ತುಂಬಿತ್ತು. ಮೆಚ್ಚುಗೆಯೆಂದೇ ಬುಪ್ಪಾ ತಿಳಿದಳು.

ಬೇಸಿಗೆ ಬಲಿತು, ಹಕ್ಕಿಗಳೆಲ್ಲ ಉತ್ತರಕ್ಕೆ ಹೋದ ಮೇಲೆ, ಗುಂಪಿನವರು ದೇವಾಲಯದ ಹಜಾರದಲ್ಲಿ ಆ ಸಾಲಿನ ಚಿತ್ರಗಳನ್ನು ತೂಗುಹಾಕಿದರು. ಬುಪ್ಪಾ ರೇಷ್ಮೆ ಲಂಗ ಉಟ್ಟು, ಮಗಳು ಕೊಟ್ಟ ತಿಂಡಿಯ ತಟ್ಟೆಗಳನ್ನು ಹೊತ್ತು ಬಂದಳು. ಬಾಗಿಲಿಗೆ ಎದುರಾಗಿಯೇ, ಎಲ್ಲಕ್ಕಿಂತ ದೊಡ್ಡದಾಗಿ, ಆ ಬೆಳ್ಳಕ್ಕಿ. ಕೆಳಗೆ ಅಚ್ಚಾದ ಹೆಸರು ವಿಚಿಯನ್‌ನದು.

ತಟ್ಟೆಗಳನ್ನು ಮೇಜಿಗಿಟ್ಟಳು. ಬಾಳೆಯೆಲೆ ಸರಿಮಾಡಿದಳು. ಆಮೇಲೆ ಇನ್ನೊಮ್ಮೆ ತಲೆಯೆತ್ತಿ ನೋಡಿದಳು. ಹೆಸರು ಬೇಕೆಂದು ಅವಳು ಎಂದೂ ಕನಸು ಕಂಡವಳಲ್ಲ. ಹೆಸರು ಹಾಕಲೇ ಎಂದು ಅವನು ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದಳೇನೋ. ಕೇಳಲಿಲ್ಲವಲ್ಲ, ಅದು ಮೀನಿನ ಮುಳ್ಳಿನಂತೆ ಚುಚ್ಚಿತು.

ವಿಚಿಯನ್ ಜನರ ನಡುವೆ ನಿಂತಿದ್ದ, ಎರಡೂ ಕೈ ಕಿಸೆಯಲ್ಲಿ. ಪ್ರಸೋಂಗ್ ಅವನ ಬೆನ್ನು ತಟ್ಟಿ ಗುಡುಗಿದ: "ಏನೋ ಮುದುಕ, ವರ್ಷವಿಡೀ ಮುಖ ತೋರಿಸದೆ ಇದನ್ನ ಬೇಯಿಸ್ತಿದ್ಯಾ? ನಾವು ಇಷ್ಟು ಜನ ಕೆಸರಲ್ಲಿ ಹೂತುಕೊಂಡು ಏನು ಗೇದ ಹಾಗಾಯ್ತು! ಸರಿ, ಹೇಳು. ಆಮೇಲೇನಾಯ್ತು?"

"ಏನಾಗುತ್ತೆ. ನುಂಗ್ತು," ಎಂದ ವಿಚಿಯನ್.

"ಇಲ್ಲ. ಬಿಟ್ಬಿಡ್ತು."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ತನ್ನದೆಂದು ಬುಪ್ಪಾಳಿಗೆ ಗೊತ್ತಾದದ್ದು. ಎಲ್ಲರೂ ಅವಳ ಕಡೆ ತಿರುಗಿದರು. ಇನ್ನು ಹೇಳದೆ ವಿಧಿಯಿಲ್ಲ.

"ಮೀನು ಕೊಸರಾಡ್ತು. ತಲೆ ಕಡೆಯಿಂದ ಹಿಡ್ಕೊಳ್ಳೋಕೆ ಮೇಲಕ್ಕೆ ಎಸೀತು ಅದು. ಜಾರಿ ನೀರಿಗೆ ಬಿತ್ತು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತಿತ್ತು, ಕೊಕ್ಕಿಂದ ನೀರು ತೊಟ್ಟಿಕ್ಕಿಸ್ತಾ. ನಾಚಿಕೆ ಆದವರ ಹಾಗೆ. ಆಮೇಲೆ ಮತ್ತೆ ಓಡೋಕೆ ಶುರು ಮಾಡ್ತು."

ಪ್ರಸೋಂಗ್‌ನ ಹುಬ್ಬು ಮೇಲೇರಿತು. ಪೊಲೀಸ್ ಕೆಲಸ ಬಿಟ್ಟಿದ್ದರೂ ಪೊಲೀಸ್ ಕಣ್ಣು ಅವನನ್ನು ಬಿಟ್ಟಿರಲಿಲ್ಲ. "ಅಷ್ಟು ದೂರದಿಂದ ಅಷ್ಟೆಲ್ಲ ಕಂಡಿತಾ ಅತ್ತಿಗೆ?"

ವಿಚಿಯನ್ ನೆಲ ನೋಡುತ್ತಿದ್ದ. ಕಿಸೆಯ ಬಟ್ಟೆ ಸಣ್ಣಗೆ ಅದುರುತ್ತಿರುವುದು ಅವಳಿಗೆ ಕಾಣಿಸಿತು.

"ದುರ್ಬೀನು ಇತ್ತಲ್ಲ ನನ್ನ ಹತ್ರ," ಎಂದಳು. "ತಿಂಡಿ ತಗೊಳ್ಳಿ, ಆರಿಹೋಗುತ್ತೆ." ಆರುವಂಥ ತಿಂಡಿ ಒಂದೂ ಆ ತಟ್ಟೆಗಳಲ್ಲಿರಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ ಪಿಕಪ್ ಸೇತುವೆ ದಾಟಿತು.

"ಯಾಕೆ ಸುಳ್ಳು ಹೇಳ್ದೆ?" ಎಂದ ವಿಚಿಯನ್.

ಬುಪ್ಪಾ ಪಿಕಪ್ಪನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿಯೇಬಿಟ್ಟಳು. "ನಾನಾ? ನಾನು ಸುಳ್ಳು ಹೇಳಿದ್ದಾ? ಗೋಡೆ ಮೇಲೆ ಆಳೆತ್ತರ ನಿನ್ನ ಹೆಸರು ಬರೆಸಿ ತೂಗುಹಾಕಿದ್ಯಲ್ಲೋ, ಅದೇನು ಸತ್ಯನಾ?"

"ಜಾಗ ನಂದು. ಬೆಳಕಿನ ಲೆಕ್ಕ ನಂದು. 'ಈಗ' ಅಂದಿದ್ದು..."

"ನೀನು 'ಈಗ' ಅನ್ನೋ ಮುಂಚೆ ಒತ್ತಿದ್ದೆ. ಅವತ್ತೂ. ಯಾವಾಗ್ಲೂ."

"ಗೊತ್ತು," ಎಂದ ಅವನು.

ಆ 'ಗೊತ್ತು' ಅವಳನ್ನು ತಡೆದು ನಿಲ್ಲಿಸಿತು. ಬಯ್ಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳಿಗೆ ಒಮ್ಮೆಲೇ ಕಾಲಿಲ್ಲದಂತಾಯಿತು.

"ಮೊದಲಿಂದ್ಲೂ ಗೊತ್ತಿತ್ತು. ನಾನು ಕಿವುಡನಲ್ಲ, ಕ್ಯಾಮೆರಾ ಸದ್ದು ಕೇಳ್ಸುತ್ತೆ ನಂಗೆ. ಆದ್ರೂ 'ಈಗ' ಅಂತಿದ್ದೆ. ಅದನ್ನೂ ಬಿಟ್ರೆ ನಾನಲ್ಲಿ ಯಾತಕ್ಕೆ, ಹೇಳು? ಮರಳ ಮೇಲೆ ಆ ಚಿತ್ರ ನೋಡ್ದಾಗ ನಂಗೆ ಖುಷಿ ಆಗ್ಲಿಲ್ಲ ಕಣೇ. ಹೊಟ್ಟೆ ಉರೀತು. ಇಷ್ಟು ವರ್ಷ ನಾನು ಬೆನ್ನು ಹತ್ತಿದ್ದು ಬೇರೆಯವರ ಕೈಗೆ ಬಂದು ಬಿತ್ತಲ್ಲ ಅಂತ. ಅದೂ ನನ್ನ ಹೆಂಡ್ತಿ ಕೈಗೆ. ಎಂಥ ಕೀಳು ಮನುಷ್ಯ ಇರ್ಬೇಕು ನಾನು. ಹೆಸರು ಕೊಡುವಾಗ ನಿಂದೇ ಹೇಳೋಣ ಅಂತಿದ್ದೆ. ಬಾಯಿಗೆ ನಂದೇ ಬಂತು."

ಲಾರಿಯೊಂದು ಉಪ್ಪಿನ ಚೀಲ ಹೊತ್ತು ಹಾರನ್ ಬಾರಿಸುತ್ತ ಹೋಯಿತು. ಬುಪ್ಪಾ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತೇ ಇದ್ದಳು. ಅವನ ಮೇಲೆ ಕರುಣೆ ಬಂತು, ಬಂದ ಕರುಣೆಯ ಮೇಲೆ ಸಿಟ್ಟೂ ಬಂತು. ಇಷ್ಟು ದಿನ 'ಇರಲಿ ಬಿಡು' ಎಂದು ತಾನು ಸುಮ್ಮನಿದ್ದದ್ದು ಒಳ್ಳೆಯತನ ಎಂದುಕೊಂಡಿದ್ದಳು. ಅವನಿಗೆ ಅದೂ ಒಂದು 'ಅಯ್ಯೋ ಪಾಪ'ವೇ ಆಗಿತ್ತೇನೋ.

"ನಂಗೆ ಅದು ಇಷ್ಟವಾಯ್ತು, ಚಿಯನ್," ಎಂದಳು. "ನಿಂಗೋಸ್ಕರ ಹೋಗೋಕೆ ಶುರು ಮಾಡಿದ್ದು ನಿಜ. ಈಗ ನಿಂಗೋಸ್ಕರ ಅಲ್ಲ. ನೀನು ಬರ್ದೇ ಇದ್ರೂ ನಾನು ಹೋಗ್ತೀನಿ. ಅದನ್ನ ತಿಳ್ಕೊ."

ಅವನು ತಲೆಯಾಡಿಸಿದ. ಅವಳು ಗಾಡಿ ಎಬ್ಬಿಸಿದಳು.

ಮರುದಿನ ಬೆಳಗ್ಗೆ ಅವಳು ಒಳಗೆ ತೆಂಗಿನ ಹಾಲು ಕಾಯಿಸುತ್ತಿದ್ದಾಗ ಹೊರಗೆ ಅಂಗಡಿಯ ಮೇಜಿನ ಸುತ್ತ ಗುಂಪಿನವರ ಗದ್ದಲ ಕೇಳಿಸಿತು. ವಿಚಿಯನ್ ತಾನೇ ಅವರನ್ನೆಲ್ಲ ಕರೆಸಿದ್ದ. ಕಾಫಿಯ ಲೋಟ ತಟ್ಟೆಯ ಮೇಲೆ ಕಟಕಟನೆ ಬಡಿದುಕೊಳ್ಳುವ ಸದ್ದು. ಅದರ ಹಿಂದೆಯೇ ಗದ್ದಲ ಅಡಗಿತು.

"ನೋಡ್ಕೊಳ್ಳಿ," ಎಂದದ್ದು ವಿಚಿಯನ್‌ನ ದನಿ. "ಹೀಗಿದೆ ಕೈ. ಈ ಕೈಯಲ್ಲಿ ಹಕ್ಕಿ ಹೋಗ್ಲಿ, ಆನೇನೂ ಚೌಕಟ್ಟಿನೊಳಗೆ ನಿಲ್ಲಲ್ಲ. ಆ ಚಿತ್ರ ಬುಪ್ಪಾಳದ್ದು. ನಾನು ಪಕ್ಕದಲ್ಲಿ ಮಲಗಿ ಬಾಯಿ ಬಡ್ಕೊಳ್ತಿದ್ದೆ, ಅಷ್ಟೇ."

ಬುಪ್ಪಾ ಸೌಟು ಹಿಡಿದು ನಿಂತೇ ಇದ್ದಳು. ಹಾಲು ಉಕ್ಕಿ ಒಲೆಗೆ ಬಿತ್ತು.

"ಅದಕ್ಕೇ ಮತ್ತೆ," ಎಂದ ಪ್ರಸೋಂಗ್. "ನಾನಂದ್ಕೊಂಡೆ, ಈ ಮುದುಕ ಇಷ್ಟು ವರ್ಷ ತೆಗ್ದಿದ್ರಲ್ಲಿ ಒಂದೂ ಇಷ್ಟು ಚೆನ್ನಾಗಿರ್ಲಿಲ್ವಲ್ಲ, ಹೇಗಪ್ಪಾ ಅಂತ!"

"ಥೂ ನಿನ್ನ!" ಎಂದ ವಿಚಿಯನ್. ಆಮೇಲೆ ನಗು ಎದ್ದಿತು. ಆ ನಗುವಿನ ನಡುವೆ ಪ್ರಸೋಂಗ್ ಎದ್ದುಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳನ್ನು ತುಸು ಹೊತ್ತು ನೋಡಿದ.

"ದುರ್ಬೀನು ಇತ್ತು, ಅಲ್ವಾ ಅತ್ತಿಗೆ? ನನ್ನ ಠಾಣೆಲಾಗಿದ್ರೆ ಒಳಗೆ ಹಾಕ್ತಿದ್ದೆ," ಎಂದು ಹೇಳಿ ತಿಂಡಿಯ ತಟ್ಟೆ ಎತ್ತಿಕೊಂಡು ಹೋದ.

ಅಕ್ಟೋಬರಿನಲ್ಲಿ ಹಕ್ಕಿಗಳು ಮರಳಿದವು. ಔಷಧಿ ಒಂದಿಷ್ಟು ಹಿಡಿದಿತ್ತು. ಕೆಲವು ಬೆಳಗು ವಿಚಿಯನ್‌ನ ಕೈ ಸುಮಾರಾಗಿರುತ್ತಿತ್ತು, ಕೆಲವು ಬೆಳಗು ಅಂಗಿಯ ಗುಂಡಿ ಬುಪ್ಪಾಳೇ ಹಾಕಬೇಕಾಗುತ್ತಿತ್ತು. ಬದುವಿನ ಮೇಲೆ ಅವನು ಮಡಚುವ ಕುರ್ಚಿಯಲ್ಲಿ ಕೂತು, ಮುಕ್ಕಾಲಿಗೆ ಸಿಕ್ಕಿಸಿದ ದೂರದರ್ಶಕಕ್ಕೆ ಕಣ್ಣು ಹಚ್ಚುತ್ತಿದ್ದ. 'ಈಗ' ಎನ್ನುವುದನ್ನು ಪೂರ್ತಿ ಬಿಟ್ಟಿದ್ದನೆಂದರೆ ಸುಳ್ಳಾದೀತು. ಬಾಯಿವರೆಗೆ ಬಂದದ್ದನ್ನು ಕೆಮ್ಮಿನಲ್ಲಿ ನುಂಗುವುದನ್ನು ಕಲಿತಿದ್ದ.

ಆ ಬೆಳಗ್ಗೆ ಹೊಸದಾಗಿ ನೀರು ಬಿಟ್ಟ ಗದ್ದೆಯೊಂದರಲ್ಲಿ ಹಸಿರುಗಾಲಿನ ಗೊರವವೊಂದು ಮರಿಮೀನುಗಳ ಹಿಂದೆ ಓಡುತ್ತಿತ್ತು. ಪ್ರಸೋಂಗನೂ ಉಳಿದವರೂ ಆಚೆ ಬದುವಿನಲ್ಲಿದ್ದರು. ವಿಚಿಯನ್ ದೂರದರ್ಶಕದಲ್ಲೇ ಅದರ ಬೆನ್ನು ಹತ್ತಿದ್ದ.

"ಬುಪ್ಪಾ."

"ಹೂಂ."

"ಇದು ಇಷ್ಟು ಸಲ ತಪ್ಪುತ್ತಾ?"

"ತಪ್ಪುತ್ತೆ. ಯಾಕೆ, ನಿಂಗೊತ್ತಿರ್ಲಿಲ್ವಾ?"

"ನೋಡೇ ಇರ್ಲಿಲ್ಲ ಅನ್ಸುತ್ತೆ. ಸಿಕ್ಕಿದ್ದನ್ನ ಮಾತ್ರ ಇಟ್ಕೊಂಡು ಉಳಿದಿದ್ದೆಲ್ಲ ಅಳಿಸಿ ಬಿಸಾಕ್ತಿದ್ದೆನಲ್ಲ." ಅವನು ಕಣ್ಣು ತೆಗೆಯದೆಯೇ ಮಾತಾಡಿದ. "ನಮ್ಮನೆ ಗೋಡೆ ನೋಡಿದವರು ಈ ಹಕ್ಕಿಗಳು ಒಂದು ಸಲವೂ ತಪ್ಪೋದಿಲ್ಲ, ಮೂರು ಹೊತ್ತೂ ಹೊಟ್ಟೆ ತುಂಬಾ ತಿಂತವೆ ಅಂದ್ಕೊಳ್ಬೇಕು. ನಾನೂ ಹಾಗೇ ಅಂದ್ಕೊಂಡಿದ್ನೋ ಏನೋ. ಹಿಮದ ನಾಡಿಂದ ಇಲ್ಲೀವರೆಗೆ ಹಾರಿ ಬಂದು, ದಿನವಿಡೀ ಕುಕ್ಕಿ ಕುಕ್ಕಿ, ಬರಿ ನೀರು ಬಾಯಿಗೆ. ಆದ್ರೂ ನೋಡು, ಬೇಜಾರಾದ ಹಾಗೇ ಕಾಣಲ್ಲ."

"ಹಕ್ಕಿಗೆ ಬೇಜಾರಾಗುತ್ತೋ ಇಲ್ವೋ, ನಿನ್ನ ಹತ್ರ ಬಂದು ಹೇಳುತ್ತಾ?"

"ಅದೂ ಸರಿಯೇ."

ಗೊರವ ದಡದುದ್ದಕ್ಕೂ ಓಡಿ, ಕೊಕ್ಕನ್ನು ನೀರಿನಲ್ಲಿ ನೇಗಿಲಿನಂತೆ ಹೂಡಿ, ಗಕ್ಕನೆ ಪಕ್ಕಕ್ಕೆ ತಿರುಗಿತು. ಅದರ ಮುಂದೆ ಮರಿಮೀನುಗಳು ಒಮ್ಮೆಲೇ ನೀರಿನಿಂದ ಮೇಲಕ್ಕೆ ಚಿಮ್ಮಿ, ಒಂದು ಹಿಡಿ ಅಕ್ಕಿ ಎರಚಿದಂತೆ ಹೊಳೆದು, ಚೆದುರಿಹೋದವು. ಹಕ್ಕಿಯ ಬಾಯಿ ತೆರೆದೇ ಇತ್ತು. ಬುಪ್ಪಾಳ ಕ್ಯಾಮೆರಾ ಪಟಪಟನೆ ಸದ್ದು ಮಾಡಿ ನಿಂತಿತು. ವಿಚಿಯನ್ ಕೆಮ್ಮಿದ.

"ಏನು ಸಿಕ್ತು?" ಎಂದು ಆಚೆ ಬದುವಿನಿಂದ ಪ್ರಸೋಂಗ್ ಕೂಗಿ ಕೇಳಿದ.

"ಏನೂ ಸಿಗ್ಲಿಲ್ಲ!" ಎಂದು ಬುಪ್ಪಾ ಕೂಗಿದಳು.

"ನಿಂಗಾ, ಹಕ್ಕಿಗಾ?" ಎಂದ ವಿಚಿಯನ್ ಮೆಲ್ಲಗೆ, ಪಕ್ಕದಿಂದ.

"ಹಕ್ಕಿಗೆ," ಎಂದಳು ಅವಳು. ಪರದೆಯನ್ನು ಅವನ ಕಡೆ ತಿರುಗಿಸಿದಳು.